ರೂರಿಯ ಗಡಿಯಾರ

ನಮ್ಮ ದ್ವೀಪದಲ್ಲಿ ಯಾರಾದರೂ ಸತ್ತರೆ ಆ ಮನೆಯ ಗಡಿಯಾರ ನಿಲ್ಲಿಸುತ್ತೇವೆ. ಮಣ್ಣು ಮಾಡಿ ಬಂದ ಮೇಲೆಯೇ ಮತ್ತೆ ನಡೆಸುವುದು. ಎಫಿ ಅಜ್ಜಿಯ ತಮ್ಮ ರೂರಿ ಏಡಿ ಹಿಡಿಯಲು ಹೋಗಿ ಕಡಲಪಾಲಾದ, ಹೆಣ ಸಿಗಲಿಲ್ಲ. ನಿಂತೇ ಇದ್ದ ಆ ಗಡಿಯಾರವನ್ನು ಅಜ್ಜಿ ನಮ್ಮೂರ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದಳು. ಆ ಸಂಗ್ರಹಾಲಯವನ್ನು ನೋಡಿಕೊಳ್ಳುವವಳು ನಾನು.

ಮೊನ್ನೆ ಪ್ರವಾಸಿಯೊಬ್ಬ, "ಕೆಟ್ಟುಹೋದದ್ದನ್ನೂ ಇಟ್ಕೊಂಡಿದೀರಾ?" ಎಂದು ನಕ್ಕ. ನನಗೆ ರೇಗಿತು. ಕೀ ಕೊಟ್ಟೇಬಿಟ್ಟೆ. ಗಡಿಯಾರ ಓಡಿತು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಕಡಲಪಾಚಿಯ ವಾಸನೆ. ಒಲೆ ಉರಿಯುತ್ತಿದ್ದರೂ ಗಡಿಯಾರದ ಮರ ಒದ್ದೆಯಾಗಿ ತಣ್ಣಗೆ ಕೊರೆಯುತ್ತಿತ್ತು.

ಮಧ್ಯಾಹ್ನ ಚಹಾಕ್ಕೆ ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

"ಓಡ್ತಾ ಇದೆಯಲ್ಲೇ!"

"ತಾನಾಗೇ ಶುರುವಾಯ್ತಜ್ಜಿ," ಎಂದು ಸುಳ್ಳು ಹೇಳಿದೆ.

ಅವಳ ಮುಖ ಅರಳಿತು. "ಹಾಗಾದ್ರೆ ಅವನು ಸಿಕ್ಕಿದಾನೆ! ನನಗೊಂದು ಮಾತು ಹೇಳ್ಬಾರ್ದಿತ್ತೇನೇ, ಕಳ್ಳಿ? ಎಲ್ಲಿ ಮಣ್ಣು ಮಾಡಿದ್ರಿ, ತೋರ್ಸು ನಡಿ."

ಸ್ಮಶಾನದ ಗೇಟು ಬರುವಷ್ಟರಲ್ಲಿ ನಿಜ ಹೇಳಿಬಿಡೋಣ ಎಂದುಕೊಂಡು ಕೈಹಿಡಿದು ನಡೆಸಿದೆ. ಗೇಟು ಬಂತು; ತಳ್ಳಿ ತೆರೆದೆ, ಅಷ್ಟೇ.

ಅವರ ಮನೆತನದ ಕಲ್ಲಿನ ಪಕ್ಕ ಹೊಸ ಮಣ್ಣಿನ ದಿಬ್ಬವಿತ್ತು. ನಡುನಡುವೆ ಒದ್ದೆ ಚಿಪ್ಪುಗಳು. ಅಜ್ಜಿ ಮಂಡಿಯೂರಿ ಅದನ್ನು ತಟ್ಟಿದಳು.

"ನಿನ್ನ ಗಂಡ ಚೆನ್ನಾಗಿ ಮುಚ್ಚಿದಾನೆ ಕಣೇ. ಪುಣ್ಯ ಬರ್ಲಿ."

ಇಲ್ಲಿ ಗುಂಡಿ ತೋಡುವವನು ನನ್ನ ಗಂಡನೊಬ್ಬನೇ. ಅವನು ಆಚೆ ದಡಕ್ಕೆ ಹೋಗಿ ವಾರವಾಗಿದೆ. ಅವನ ಸಲಿಕೆ ನಮ್ಮ ಕೊಟ್ಟಿಗೆಯಲ್ಲಿ ಒಣಗಿಯೇ ಇದೆ.