ನೇತಾಡುವ ಏಣಿಯ ಬುಡದಲ್ಲಿ

ಕಾಡ್ಗಿಚ್ಚು ಕಾಯುವ ಗುಡ್ಡದ ಕೋಣೆಯಲ್ಲಿ ಕಾವಲುಗಾರ ಕಾಲು ಮುರಿದುಕೊಂಡು ಬಿದ್ದಿದ್ದ. ಬಂಡೆ ಉರುಳಿ, ಕೋಣೆಗೆ ಹತ್ತುವ ಕಬ್ಬಿಣದ ಏಣಿಯ ಬುಡ ಕಿತ್ತುಹೋಗಿತ್ತು. ಏಣಿಯನ್ನು ಮತ್ತೆ ಕೂರಿಸಿ ಅವನನ್ನು ಇಳಿಸಿ ತರಬೇಕಿತ್ತು. ಹೊರಟವರು ಇಬ್ಬರು: ಎಲ್ಲರ ಬಾಯಲ್ಲೂ ಫಿಟ್ಟರಕ್ಕ ಆಗಿದ್ದ ಐವತ್ತರ ಹೆಂಗಸು, ಮತ್ತು ಗಾರೆ ಕೆಲಸದ ಅವಳ ಭಾವ.

ಕೆಳಗಿನ ಕಾಡಿನಲ್ಲಿ ಬಿದ್ದ ಮರಗಳನ್ನು ದಾಟುವುದರಲ್ಲೇ ಬೆಳಗು ಕಳೆಯಿತು. ಮೇಲೇರಿದಂತೆ ಮರಗಳು ಗಿಡ್ಡವಾದವು, ಆಮೇಲೆ ಹುಲ್ಲು, ಆಮೇಲೆ ಬರೀ ಕಲ್ಲು. ಚಳಿಗಾಳಿ ಕಿವಿಯೊಳಗೆ ಹೊಕ್ಕಿತು. ಡ್ರಿಲ್, ಹಗ್ಗ, ಗೋಡೆಗೆ ಬಿಗಿಯುವ ಆರು ಆಂಕರ್ ಸ್ಕ್ರೂಗಳಿದ್ದ ಚೀಲ ಇಬ್ಬರ ಹೆಗಲನ್ನೂ ಹಣ್ಣು ಮಾಡಿತ್ತು.

ಬಂಡೆಯ ನೆತ್ತಿಯಲ್ಲಿ ಕೋಣೆ. ಏಣಿ ಮೇಲಿನ ಕೊಂಡಿಗಳಲ್ಲಷ್ಟೇ ನೇತಾಡುತ್ತಿತ್ತು. ಬುಡದಲ್ಲಿ ಎಡಕ್ಕೆ ಹಳೇ ಇಟ್ಟಿಗೆ ಗೋಡೆ, ಬಲಕ್ಕೆ ಕಾಂಕ್ರೀಟ್ ಕಂಬ.

"ಇದ್ದೀಯೇನಪ್ಪಾ?" ಅವಳು ಕೂಗಿದಳು.

"ಇದ್ದೀನಿ. ನೀರು ಮುಗೀತು," ಮೇಲಿನಿಂದ ಸಣ್ಣ ದನಿ ಬಂತು.

"ಇಟ್ಟಿಗೆಗೇ ಸ್ಕ್ರೂ ಹೊಡೆಯೋಣ," ಎಂದ ಭಾವ. "ಏಣಿ ಆ ಕಡೆಗೇ ವಾಲಿದೆ."

ಅವಳು ಗೋಡೆಯನ್ನು ಸುತ್ತಿಗೆಯಿಂದ ತಟ್ಟಿದಳು. ಡ್ರಿಲ್ ಇಟ್ಟು ನೋಡಿದಳು. ಕೆಂಪು ಪುಡಿ ಬಳಬಳನೆ ಉದುರಿತು.

"ಒಳಗೆಲ್ಲ ಟೊಳ್ಳು ಭಾವ. ಒಬ್ಬರ ಭಾರಕ್ಕೇ ಕಿತ್ತು ಬರತ್ತೆ. ಕಂಬಕ್ಕೇ ಹಾಕ್ಬೇಕು."

"ಅಂದ್ರೆ ಏಣೀನ ಈ ಕಡೆಗೆ ಎಳೀಬೇಕು."

"ಎಳೀಬೇಕು."

ಹಗ್ಗ ಕಟ್ಟಿ ಎಳೆದರು. ಅಂಗೈ ಚರ್ಮ ಕಿತ್ತುಬಂತು. ಅಂತೂ ಏಣಿಯ ಬುಡದ ತಟ್ಟೆ ಕಂಬಕ್ಕೆ ತಾಗಿತು. ಅದರಲ್ಲಿ ಆರು ತೂತು. ನಾಲ್ಕಾದರೂ ಗಟ್ಟಿ ನಿಲ್ಲಬೇಕು. ಅಂಚಿನ ಕಾಂಕ್ರೀಟ್ ಸಿಡಿಯಬಾರದೆಂದು ಅವಳು ತಟ್ಟೆಯನ್ನು ಒಂದು ಗೇಣು ಒಳಗೆ ಹಿಡಿದಳು.

ಡ್ರಿಲ್ ಕೀಚಲು ದನಿ ತೆಗೆಯಿತು. ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ!

ತಟ್ಟೆಯನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿದರು. ಈಗ ಬೂದು ಪುಡಿ ಬಂತು. ಸ್ಕ್ರೂಗಿಂತ ಒಂದು ಬೆರಳು ಹೆಚ್ಚು ಆಳ ಕೊರೆದು, ಪುಡಿ ಊದಿ ತೆಗೆದು, ಸ್ಕ್ರೂ ಬಿಗಿದಳು. ಒಂದು. ಎರಡು. ಮೂರನೆಯದನ್ನು ಭಾವ ಬಿಗಿದ.

"ಸಾಕು ಭಾವ!"

ಅವನು ಇನ್ನೊಂದು ಸುತ್ತು ತಿರುಗಿಸಿಯಾಗಿತ್ತು. ಸ್ಕ್ರೂ ಹಿಡಿತ ಬಿಟ್ಟು ಸುಮ್ಮನೆ ತಿರುಗತೊಡಗಿತು.

"ಕೈ ಮರಗಟ್ಟಿದೆ ಕಣಮ್ಮ," ಎಂದ. ಅವಳು ಪಕ್ಕದ ತೂತಿನಲ್ಲಿ ಇನ್ನೊಂದು ಹಾಕಿದಳು.

ಐದನೆಯ ತೂತು ಅರ್ಧವಾಗುವಷ್ಟರಲ್ಲಿ ಡ್ರಿಲ್ ನಿಂತಿತು. ಚಳಿಗೆ ಬ್ಯಾಟರಿ ಸೋತಿತ್ತು. ಭಾವ ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು, "ಅಯ್ಯೋ, ಮಂಜುಗಡ್ಡೆ!" ಎಂದು ಕುಕ್ಕರುಗಾಲಲ್ಲಿ ಕೂತ. ಅರ್ಧ ಗಂಟೆ ಕಾದರು. ಮತ್ತೆ ಹಾಕಿದಾಗ ಡ್ರಿಲ್ ಕೆಮ್ಮಿ ಕೆಮ್ಮಿ ತಿರುಗಿತು. ಆಳ ಸಾಕಾದ ಮರುಕ್ಷಣವೇ ಸತ್ತುಹೋಯಿತು. ಹಿಡಿತ ತಪ್ಪಿದ್ದನ್ನು ಬಿಟ್ಟು, ನಾಲ್ಕನೆಯ ಸ್ಕ್ರೂ ಕಚ್ಚಿ ಕೂತಿತು.

"ನಾನು ಹಗುರ, ನಾನೇ ಹತ್ತುತ್ತೀನಿ," ಎಂದಳು.

ಹತ್ತಿದಳು. ಮೇಲಿನ ಕೊಂಡಿ ಕಿರುಗುಟ್ಟಿತು. ನಿಂತಳು. ಕೆಳಗೆ ತಟ್ಟೆ ಮಿಸುಕಲಿಲ್ಲ. ಮತ್ತೆ ಹತ್ತಿದಳು.

ಕಾವಲುಗಾರನಿಗೆ ನೀರು ಕುಡಿಸಿ, ಕಾಲಿಗೆ ಹಲಗೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಅವನ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ಕೋಣೆಯ ಕಂಬಕ್ಕೆ ಸುತ್ತಿ ಅವನನ್ನು ಇಂಚಿಂಚೇ ಇಳಿಬಿಟ್ಟಳು. ಅವನು ಏಣಿಯ ಮೆಟ್ಟಿಲುಗಳನ್ನು ಹಿಡಿಹಿಡಿದು ಇಳಿದ. ಕೆಳಗೆ ಭಾವ ಅವನನ್ನು ತಬ್ಬಿ ಹಿಡಿದುಕೊಂಡ.

ಅವಳೂ ಇಳಿದ ಮೇಲೆ ಇಬ್ಬರೂ ಅವನನ್ನು ಸರದಿಯ ಮೇಲೆ ಬೆನ್ನಿಗೆ ಹೊತ್ತು, ಮರುದಿನ ಮಧ್ಯಾಹ್ನ ರಸ್ತೆ ಮುಟ್ಟಿದರು. ಜೀಪು ಕಾದಿತ್ತು. ಹತ್ತಿದ ಕೂಡಲೇ ಭಾವ ಗೊರಕೆ ಹೊಡೆದ. ಫಿಟ್ಟರಕ್ಕ ಬೂಟಿನ ದಾರ ಬಿಚ್ಚಲು ಹೋದಳು. ಬೆರಳುಗಳು ಮಡಚಲೇ ಇಲ್ಲ.

"ಇಲ್ಲಿ ಕೊಡಕ್ಕಾ," ಎಂದು ಕಾವಲುಗಾರ ಅವಳ ಪಾದವನ್ನು ಎತ್ತಿ ತನ್ನ ಗಟ್ಟಿ ಕಾಲಿನ ಮೇಲಿಟ್ಟುಕೊಂಡು, ಕೆಸರು ಮೆತ್ತಿದ ಗಂಟನ್ನು ನಿಧಾನವಾಗಿ ಬಿಡಿಸತೊಡಗಿದ.