ಮೈಕಿಗೆ ಹೊದಿಸಿದ ಕಂಬಳಿ

ಹಾಡಿನ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಸಹನಾಳ ದನಿ ಮಾಯವಾಯಿತು.

ಅವಳು ಹಾಡುತ್ತಲೇ ಇದ್ದಳು. ತುಟಿ ಅಲುಗುತ್ತಿತ್ತು, ದುಪಟ್ಟಾದ ಮರೆಯಲ್ಲಿ ಬೆರಳು ತಾಳ ಹಾಕುತ್ತಿತ್ತು. ಆದರೆ ಪಾರ್ಕಿನ ಹುಲ್ಲಿನ ಮೇಲೆ ಕುಳಿತವರಿಗೆ ಕೇಳುತ್ತಿದ್ದುದು ಗಾಳಿಯ ಸದ್ದು ಮತ್ತು ಕಡಲೆಕಾಯಿ ಸುಲಿಯುವ ಸದ್ದು ಮಾತ್ರ. ತಿರುಗಿ ನೋಡಿದಳು. ಬೇವಿನ ಮರದ ಕೆಳಗೆ ಮೈಕ್ ಸೆಟ್ಟಿನವನು ತನ್ನ ಪೆಟ್ಟಿಗೆಯ ವಾಲ್ಯೂಮ್ ಗುಂಡಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿ ಕುಳಿತಿದ್ದ.

ಹಾಡನ್ನು ಅಲ್ಲಿಗೇ ಬಿಟ್ಟು, ವೇದಿಕೆಯ ಮೆಟ್ಟಿಲಿಳಿದು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

“ಯಾಕ್ರಿ ಆಫ್ ಮಾಡಿದ್ರಿ? ಅಷ್ಟು ಕೆಟ್ಟದಾಗಿತ್ತಾ?”

ಅವನು ತಲೆ ಎತ್ತಿದ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಖಾಲಿ. ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದ. ಆ ಮೌನವನ್ನೇ ಅವಳು ಒಪ್ಪಿಗೆಯೆಂದು ತಿಳಿದು ಚಪ್ಪಲಿ ಮೆಟ್ಟಿ ಹೊರಟಳು. ಗೇಟಿನ ಹತ್ತಿರ, ಕಾರ್ಯಕ್ರಮ ನಡೆಸುವ ಪಾಪಣ್ಣ ತಡೆದು ನಿಲ್ಲಿಸಿ, ಗಾಳಿಗೆ ಫ್ಲೆಕ್ಸ್ ಬೋರ್ಡು ವೈರಿನ ಮೇಲೆ ಬಿದ್ದು ಪ್ಲಗ್ ಕಿತ್ತು ಬಂದಿತ್ತು, ಆ ಹುಡುಗ ಬಸವೇಶನದೇನೂ ತಪ್ಪಿಲ್ಲ ಎಂದು ತಿಳಿಸಿದಾಗ ಅವಳ ಕಿವಿ ಬಿಸಿಯಾಯಿತು. ತಿರುಗಿ ಹೋಗಿ ಕ್ಷಮೆ ಕೇಳಬೇಕೆನ್ನಿಸಿತು. ಆದರೆ ತನ್ನೂರು ಶ್ರೀರಾಂಪುರದ ಬಸ್ಸು ಹೊರಟು ನಿಂತಿತ್ತು, ಹತ್ತಿಬಿಟ್ಟಳು.

ಬೇಸಿಗೆ ಬಂತೆಂದರೆ ಹೊಸದುರ್ಗದ ಆ ಪಾರ್ಕಿನಲ್ಲಿ ಭಾನುವಾರದ ಸಂಜೆಗಳೆಲ್ಲ ಹಾಡಿನವು. ಬೆಳಿಗ್ಗೆ ವಾಕಿಂಗ್ ಬರುವವರೇ ಸೇರಿ ಶುರುಮಾಡಿದ್ದು. ಟಿಕೆಟ್ಟಿಲ್ಲ, ಮುಖ್ಯ ಅತಿಥಿಯಿಲ್ಲ, ಹಾರ ತುರಾಯಿಯಿಲ್ಲ. ಹಾಡಬೇಕೆನ್ನಿಸಿದವರು ಹಾಡಬಹುದು, ಕೇಳಬೇಕೆನ್ನಿಸಿದವರು ಕೂರಬಹುದು. ಹೆಸರು ಕೂಗುವ ಕೆಲಸ ಪಾಪಣ್ಣನದು. ನಿವೃತ್ತ ಕಂಡಕ್ಟರ್ ಆದ್ದರಿಂದ ಜನರನ್ನು ಬಸ್ಸಿನೊಳಗೆ ತುಂಬಿದಂತೆಯೇ ಹುಲ್ಲಿನ ಮೇಲೂ ತುಂಬುತ್ತಿದ್ದ. ಮುಂದೆ ಬರ್ರಿ, ಜಾಗ ಐತೆ, ಕುಂತ್ಕಳ್ರಿ ಎಂಬ ಅವನ ಕೂಗಿಲ್ಲದೆ ಯಾವ ಸಂಜೆಯೂ ಶುರುವಾಗುತ್ತಿರಲಿಲ್ಲ.

ಮುಂದಿನ ಭಾನುವಾರ ಸಹನಾ ತನ್ನ ಅಜ್ಜಿ ಮರುಳಸಿದ್ದಮ್ಮನನ್ನೂ ಸೋಬಾನೆ ಹಾಡುವ ಅವಳ ಗೆಳತಿಯರನ್ನೂ ಕರೆದುಕೊಂಡು ಬಂದಳು. ಅಜ್ಜಿಗೆ ಹಾಡುವ ನೆಪ, ಮೊಮ್ಮಗಳಿಗೆ ಕ್ಷಮೆ ಕೇಳುವ ನೆಪ.

ವೇದಿಕೆಯ ಮೈಕನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಅದರ ತಲೆಗೆ ಕರಿಯ ಕಂಬಳಿಯ ತುಂಡೊಂದನ್ನು ಸುತ್ತಿ, ದಾರದಿಂದ ಬಿಗಿಯಲಾಗಿತ್ತು. ಜಡಿಮಳೆಗೆ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರಿ ಕಾಯುವವನ ಹಾಗೆ ಕಾಣುತ್ತಿತ್ತು.

“ಇದೇನ್ರಿ, ಮೈಕಿಗೆ ಚಳಿ ಜ್ವರನಾ?”

“ಗಾಳಿ ಒಳಗೆ ಹೋಗಬಾರದು ಅಂತ. ಕಂಬಳಿ ಗಾಳಿ ತಡಿತೈತೆ, ದನಿ ಬಿಡ್ತೈತೆ,” ಎಂದ ಬಸವೇಶ್. ಅಷ್ಟು ಹೇಳಿ ಮತ್ತೆ ತಲೆ ತಗ್ಗಿಸಿದ. ಅವಳು ಹೋದ ವಾರದ ಮಾತಿಗೆ ಕ್ಷಮಿಸಿ ಎಂದಾಗಲೂ ತಲೆ ಎತ್ತಲಿಲ್ಲ. ಆದರೆ ಅವಳ ಹೆಸರು ಕೂಗುವ ಮೊದಲೇ ಎದ್ದು ಬಂದು, ಮೈಕಿನ ಕಂಬಿಯನ್ನು ಇಳಿಸಿ, ಅವಳ ತುಟಿಯ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿ ಹೋದ. ಒಮ್ಮೆಯೂ ನೋಡದವನಿಗೆ ತನ್ನ ಎತ್ತರ ಹೇಗೆ ತಿಳಿಯಿತು ಎಂದು ಅವಳು ಹಾಡಿನುದ್ದಕ್ಕೂ ಯೋಚಿಸಿದಳು.

ಅಂದಿನಿಂದ ಅವಳು ಅವನನ್ನು ನೋಡತೊಡಗಿದಳು.

ನೋಡುವಂಥದ್ದು ಬಹಳವಿತ್ತು. ಅವನು ಹಾಡು ಕೇಳುವಾಗ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಯಾರಾದರೂ ಅಂಜುತ್ತ ಹಾಡಿದರೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ನಡುಗುವ ದನಿ ತುಂಬಿಕೊಂಡು ಬರುತ್ತಿತ್ತು, ಹಾಡುವವರಿಗೆ ತಮ್ಮದೇ ದನಿಯ ಮೇಲೆ ನಂಬಿಕೆ ಬಂದು ಬೆನ್ನು ನೆಟ್ಟಗಾಗುತ್ತಿತ್ತು. ಚಪ್ಪಾಳೆಯೆಲ್ಲ ಅವರಿಗೆ. ಅದರಲ್ಲಿ ಬಸವೇಶನದೂ ಒಂದು ಪಾಲಿದೆಯೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅವನಿಗೂ ಅದು ಬೇಕಿರಲಿಲ್ಲ. ಇಡೀ ಊರಿಗೆ ದನಿ ಕೊಡುತ್ತಿದ್ದವನ ದನಿಯನ್ನು ಊರು ಕೇಳಿದ್ದು “ಹಲೋ, ಮೈಕ್ ಟೆಸ್ಟಿಂಗ್” ಎನ್ನುವಾಗಷ್ಟೇ.

ಒಮ್ಮೆ ಅವಳು ನೋಡುತ್ತಿದ್ದಾಗಲೇ ಅವನು ತಲೆ ಎತ್ತಿದ. ಇಬ್ಬರೂ ಒಟ್ಟಿಗೇ ಬೇವಿನ ಮರದ ಕಡೆ ಕಣ್ಣು ಹೊರಳಿಸಿದರು, ಮರದಲ್ಲೇನೋ ಕಂಡವರಂತೆ. ಮರದಲ್ಲಿ ಏನೂ ಇರಲಿಲ್ಲ.

ಮೇ ತಿಂಗಳು ಅರ್ಧ ಕಳೆದಿತ್ತು. ಆ ಭಾನುವಾರ ಅಜ್ಜಿಯ ಗಂಟಲು ಕಟ್ಟಿತ್ತು. ಪಾಪಣ್ಣ ಹೆಂಗಸರ ಗುಂಪಿನ ಹೆಸರು ಕೂಗಿಯಾಗಿತ್ತು. ಮೊದಲ ಸೊಲ್ಲು ಎತ್ತಿಕೊಡುವವರು ಬೇಕಲ್ಲ. ಅಜ್ಜಿ ಮೊಮ್ಮಗಳ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು.

ಹಾಡಿದ್ದು ಬೀಗರ ಹಾಡು. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹೆಸರು ಹಿಡಿದು ಗೇಲಿ ಮಾಡುವ, ಆ ಕಡೆಯವರು ಅಷ್ಟೇ ಖಾರವಾಗಿ ತಿರುಗಿ ಕೊಡುವ ಹಾಡು. ಮದುವೆಯಿಲ್ಲದಾಗ ಸುಮ್ಮನೆ ಹಾಡಿದರೆ ಹೆಸರಿನ ಜಾಗ ಬಂದಾಗ ಹ್ಞೂಂ ಎಂದು ಗುನುಗಿ ಮುಂದೆ ಹೋಗುವುದು ಶ್ರೀರಾಂಪುರದ ಹೆಂಗಸರ ರೂಢಿ. ಅಜ್ಜಿಯ ತೊಡೆಯ ಮೇಲೆ ಕುಳಿತು ಕಲಿತ ಸಹನಾಳಿಗೆ ಧಾಟಿ ಗೊತ್ತಿತ್ತು, ಆ ಗುನುಗು ಗೊತ್ತಿತ್ತು. ಏಕೆ ಗುನುಗುತ್ತಾರೆಂದು ಅವಳು ಕೇಳಿರಲಿಲ್ಲ.

ಮೈಕಿನ ಮುಂದೆ ನಿಂತಾಗ ಆ ಗುನುಗು ಬೋಳಾಗಿ ಕೇಳಿಸೀತು ಎನ್ನಿಸಿತು. ಕಣ್ಣೆದುರಿಗೆ ಕಂಬಳಿ ಹೊದ್ದ ಮೈಕು, ಅದರಾಚೆ ತಗ್ಗಿದ ತಲೆ. ಹಾಡು ತಾನಾಗಿಯೇ ಕಟ್ಟಿಕೊಂಡಿತು.

“ಗಾಳಿಗೆ ಅಂಜ್ಯಾರೆ ನಮ ಬೀಗರು, ಮೈಕಿಗೆ
ಕರಿಯ ಕಂಬಳಿಯ ಹೊದಿಸ್ಯಾರೆ
ಮಾತಿಗೆ ಅಂಜ್ಯಾನೆ ಬಸವೇಶ, ತುಟಿಗೆ
ಗೋಣಿ ದಾರದ ಹೊಲಿಗೆ ಹಾಕ್ಯಾನೆ”

ಹಿಂದಿದ್ದ ಅಜ್ಜಿಯ ಗೆಳತಿಯರು ಸೊಲ್ಲು ಹಿಡಿಯುವುದನ್ನೇ ಮರೆತರು. ಹುಲ್ಲಿನ ಮೇಲಿದ್ದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದ ನಗು ಪಾರ್ಕಿನ ಬೇಲಿ ದಾಟಿ ರಸ್ತೆಯವರೆಗೂ ಹೋಯಿತು. ಪಾಪಣ್ಣ ಮೈಕ್ ಹಿಡಿದು, ಶಾಸ್ತ್ರ ಯಾವಾಗ, ನಮಗೂ ಊಟ ಐತೋ ಇಲ್ಲೋ ಎಂದು ಕೇಳಿಯೇಬಿಟ್ಟ. ಬಸವೇಶನ ಹೆಡ್‌ಫೋನು ಕುತ್ತಿಗೆಗೆ ಜಾರಿತ್ತು. ಅವನು ಮೊದಲ ಬಾರಿಗೆ ಅವಳನ್ನು ನೇರವಾಗಿ, ಕಣ್ಣು ಹೊರಳಿಸದೆ ನೋಡುತ್ತಿದ್ದ.

ಬಸ್ಸಿನಲ್ಲಿ ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿ ಒಂದೆಲೆ ಮಡಿಸಿ ಬಾಯಿಗಿಟ್ಟುಕೊಂಡಳು. ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಸಂಜೆಯ ಬೆಳಕಿನಲ್ಲಿ ನಿಧಾನವಾಗಿ ತಿರುಗುತ್ತಿದ್ದವು. ಆಮೇಲೆ ಕಟ್ಟಿದ ಗಂಟಲಲ್ಲೇ ಹೇಳಿದಳು.

“ಹೆಸರಿನ ಜಾಗ ಯಾಕೆ ಖಾಲಿ ಬಿಡ್ತೀವಿ ಗೊತ್ತೇನೇ? ಅಲ್ಲಿ ಕೂರಿಸಿದೋನು ಮನೆಗೆ ಅಳಿಯ ಅಂತ ಲೆಕ್ಕ.”

“ತಮಾಷೆಗೆ ಹಾಡಿದೆ ಅಜ್ಜಿ.”

“ಹಾಡಿದೋಳಿಗೆ ತಮಾಷೆ. ಕೇಳಿದೋರಿಗಲ್ಲ.”

ಇನ್ನು ಆ ಕಡೆಯವರು ಉತ್ತರ ಹಾಡಬೇಕು ಎಂದು ಅಜ್ಜಿ ತಿಳಿಸಿದಳು. ಮುಂದಿನ ಸಲ ಅದೇ ಜಾಗದಲ್ಲಿ ಜನ ಸೇರಿದಾಗ ಅವರು ಬಾಯಿ ತೆರೆಯದಿದ್ದರೆ, ನಿಮ್ಮ ಹೆಣ್ಣು ನಮಗೆ ಬೇಡ ಎಂದ ಹಾಗೆ. ಹೆಂಗಸರು ಅದನ್ನು ಮರೆಯುವುದಿಲ್ಲ. ನಾಳೆ ಯಾರು ನೋಡಲು ಬಂದರೂ ಆ ಮಾತು ಮೊದಲು ಬರುತ್ತದೆ.

ಸಹನಾ ಕಿಟಕಿಗೆ ಹಣೆ ಒತ್ತಿದಳು. ಜನರ ಮಾತಿನ ಭಯ ಬರಬೇಕಿತ್ತು. ಅದು ಬರಲಿಲ್ಲ. ಅವನು ಉತ್ತರ ಕೊಡದಿದ್ದರೆ ಎಂಬ ಒಂದೇ ಭಯ ಬಂತು. ಅದರಿಂದಲೇ ತನ್ನ ಮನಸ್ಸು ಅವಳಿಗೆ ತಿಳಿದದ್ದು.

ಆದರೆ ಆ ಮನೆಯಲ್ಲಿ ಹಾಡುವವರು ಯಾರು? ಬಸವೇಶನ ತಾಯಿ ತೀರಿಹೋಗಿ ವರ್ಷಗಳಾಗಿದ್ದವು. ಅಕ್ಕತಂಗಿಯರಿಲ್ಲ. ಅವನು ಮತ್ತು ಅವನ ಅಪ್ಪ ನಾಗರಾಜಪ್ಪ, ಇಬ್ಬರೇ. ಬೀಗರ ಹಾಡು ಗಂಡಸರು ಹಾಡುವುದಲ್ಲ.

ವಾರದ ನಡುವೆ ಅಪ್ಪ ಮಗ ಇಬ್ಬರೂ ಅವಳು ಕೆಲಸ ಮಾಡುವ ಲ್ಯಾಬಿಗೆ ಬಂದರು. ಅಪ್ಪನಿಗೆ ಶುಗರ್ ಟೆಸ್ಟು. ಅವಳು ನಾಗರಾಜಪ್ಪನವರ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಎತ್ತಿದ ಕೂಡಲೇ ಮಗ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ನಿಂತ.

“ಚುಚ್ಚಿಸ್ಕೊಂಡೋರು ಅವರು, ಹೆದರ್ಕಂಡೋರು ನೀವಾ?” ಎಂದಳು. ನಾಗರಾಜಪ್ಪ ಗಟ್ಟಿಯಾಗಿ ನಕ್ಕು, ಸೂಜಿ ಕಂಡರೆ ಇವನು ಹುಟ್ಟಿದಾಗಿನಿಂದ ಹಿಂಗೇ ಎಂದು, ಹತ್ತಿ ಒತ್ತಿಕೊಂಡು ಹೊರಗಿನ ಬೆಂಚಿಗೆ ಹೋದರು. ಬೇಕೆಂದೇ ಹೋದರೆಂದು ಇಬ್ಬರಿಗೂ ಗೊತ್ತಾಯಿತು.

ಬಸವೇಶ್ ಕ್ಯಾಲೆಂಡರಿಗೇ ಹೇಳುವಂತೆ ಹೇಳಿದ. “ಭಾನುವಾರ ಮೈಕಲ್ಲಿ ಹೇಳಿಬಿಡ್ಲಾ? ಅದು ತಮಾಷೆಗೆ ಹಾಡಿದ್ದು ಅಂತ. ನಿಮಗೆ ಕೆಟ್ಟ ಹೆಸರು ಬರಬಾರದು.”

ಬೇಡ ಎನ್ನಬೇಕಿತ್ತು. ಅದು ತಮಾಷೆಯಲ್ಲ ಎನ್ನಬೇಕಿತ್ತು. ಊರ ಮುಂದೆ ಅಷ್ಟು ಗಟ್ಟಿಯಾಗಿ ಹಾಡಿದವಳಿಗೆ ಆ ಪುಟ್ಟ ಕೋಣೆಯಲ್ಲಿ ದನಿ ಬರಲಿಲ್ಲ. “ನಿಮಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡ್ರಿ,” ಎಂದುಬಿಟ್ಟಳು.

ಅವನು ತಲೆಯಾಡಿಸಿ ಹೋದ. ಅವಳು ರಕ್ತದ ಶೀಶೆಗೆ ಹೆಸರಿನ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದಳು.

ಆ ಭಾನುವಾರವೇ ಬೇಸಿಗೆಯ ಹಾಡಿನ ಕೊನೆಯ ಸಂಜೆ. ಪಾರ್ಕು ತುಂಬಿ ಜನ ಕಾಂಪೌಂಡಿನ ಮೇಲೂ ಕುಳಿತಿದ್ದರು. ಹಾಡು ಕೇಳಲು ಎಷ್ಟು ಮಂದಿ ಬಂದಿದ್ದರೋ, ಉತ್ತರ ಕೇಳಲು ಅದಕ್ಕಿಂತ ಹೆಚ್ಚು ಮಂದಿ ಬಂದಿದ್ದರು. ಮರುಳಸಿದ್ದಮ್ಮ ಮೊದಲ ಸಾಲಿನಲ್ಲಿ ಎಲೆ ಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು. ಸಹನಾ ಅವಳ ಪಕ್ಕದಲ್ಲಿ ಹುಲ್ಲು ಕೀಳುತ್ತಿದ್ದಳು.

ಹಾಡುವವರೆಲ್ಲ ಹಾಡಿ ಮುಗಿಸಿದರು. ಬಸವೇಶ್ ಎದ್ದು ಹೆಡ್‌ಫೋನ್ ತೆಗೆದು ಪೆಟ್ಟಿಗೆಯ ಮೇಲಿಟ್ಟ. ವೇದಿಕೆ ಹತ್ತಿ ಮೈಕಿನ ಕಂಬಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡ. ಈಗ ಹೇಳುತ್ತಾನೆ, ತಮಾಷೆಯೆಂದು ಹೇಳಿ ಎಲ್ಲ ಮುಗಿಸುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

“ಹಲೋ... ಹಲೋ... ಮೈಕ್ ಟೆಸ್ಟಿಂಗ್.”

ಜನ ನಕ್ಕರು. ಅವನೂ ಸ್ವಲ್ಪ ನಕ್ಕ. ಆಮೇಲೆ ಹೇಳಿದ, ನಮ್ಮ ಮನೇಲಿ ಹಾಡೋಕೆ ಹೆಂಗಸರಿಲ್ಲ, ಎಷ್ಟೋ ಮದುವೇಲಿ ಅವ್ವಂದಿರ ಮುಂದೆ ಮೈಕ್ ಹಿಡ್ಕೊಂಡು ನಿಂತು ಕೇಳಿದೀನಿ, ತಪ್ಪಾದರೆ ನೀವೇ ತಿದ್ರಿ. ಹಾಗೆಂದು ಹಾಡತೊಡಗಿದ.

ದನಿ ಸಣ್ಣಗಿತ್ತು, ನಡುಗುತ್ತಿತ್ತು. ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿತ್ತು. ಹಿಂದಿನವರು ಕೇಳಿಸಲ್ಲ ಎಂದು ಗೊಣಗಿದರು. ಎಲ್ಲರ ಅಂಜಿದ ದನಿಗೂ ಗುಂಡಿ ತಿರುಗಿಸುತ್ತಿದ್ದವನು ವೇದಿಕೆಯ ಮೇಲಿದ್ದ. ಬೇವಿನ ಮರದ ಕೆಳಗಿನ ಕುರ್ಚಿ ಖಾಲಿಯಿತ್ತು.

ಸಹನಾ ಎದ್ದಳು. ಇಷ್ಟು ಜನ ನೋಡುತ್ತಿದ್ದಾರೆಂಬುದು ಅವಳಿಗೆ ನೆನಪಾಗಲಿಲ್ಲ. ಹೋಗಿ ಆ ಕುರ್ಚಿಯಲ್ಲಿ ಕುಳಿತು, ಅವನು ಬೆರಳಿಡುತ್ತಿದ್ದ ಜಾಗದಲ್ಲೇ ಬೆರಳಿಟ್ಟು, ಕೂದಲೆಳೆಯಷ್ಟು ತಿರುಗಿಸಿದಳು. ಇನ್ನೂ ಒಂದೆಳೆ.

ಬಸವೇಶನ ದನಿ ತುಂಬಿಕೊಂಡು ಬಂತು. ಅವನು ತಿರುಗಿ ನೋಡಿದ. ಕುರ್ಚಿಯಲ್ಲಿ ಯಾರೆಂದು ಕಂಡ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಮೊದಲಿನಿಂದ ಎತ್ತಿಕೊಂಡ.

“ಸೂಜಿಯ ಹಿಡಿದಾಳೆ ಬೀಗರ ಹೆಣ್ಣು, ಊರೋರ
ನೆತ್ತರ ಶೀಶೆಗೆ ತುಂಬ್ಯಾಳೆ
ನಮ್ಮನೆಗೆ ಬರುವಾಗ ಸಹನಮ್ಮ, ಸೂಜಿಯ
ಹೊಸಿಲಾಚೆ ಇಟ್ಟು ಬಾರವ್ವ”

ಸಾಲು ಮುಗಿಯಿತು. ಸೊಲ್ಲು ಹಿಡಿಯಲು ಅವನ ಹಿಂದೆ ಯಾರೂ ಇರಲಿಲ್ಲ. ಹಾಡು ಅರ್ಧದಲ್ಲಿ ನಿಂತಂತೆ ಒಂದು ಗಳಿಗೆ ಬರಿಯ ಗಾಳಿ ಬೀಸಿತು. ಆಗ ಮರುಳಸಿದ್ದಮ್ಮ ಚೀಲ ಎತ್ತಿಕೊಂಡು ಎದ್ದಳು. ಮೆಟ್ಟಿಲು ಹತ್ತಿ ಹೋಗಿ ಅವನ ಬದಿಗೆ ನಿಂತಳು.

“ಆ ಕಡೆ ಹೆಂಗಸರಿಲ್ಲ ಅಂದ್ರೆ ನಾನೇ ಆ ಕಡೆ,” ಎಂದು ಜನಕ್ಕೆ ಹೇಳಿ, ಕೊನೆಯ ಸಾಲನ್ನು ಹಿಡಿದಳು. ಅವಳ ಗೆಳತಿಯರು ಎದ್ದರು. ಅವರ ಹಿಂದೆ ಪಾರ್ಕಿನ ಅರ್ಧ ಹೆಂಗಸರು ಕುಳಿತಲ್ಲಿಂದಲೇ ಹಾಡಿದರು. ಹೊಸಿಲಾಚೆ ಇಟ್ಟು ಬಾರವ್ವ, ಹೊಸಿಲಾಚೆ ಇಟ್ಟು ಬಾರವ್ವ. ನಾಗರಾಜಪ್ಪ ಟವಲಿನಿಂದ ಮುಖ ಒರೆಸಿಕೊಂಡರು.

ಹಾಡು ತಗ್ಗಿದಾಗ ಬಸವೇಶ್ ಮತ್ತೆ ಮೈಕಿನ ಹತ್ತಿರ ಬಾಗಿದ. ಕಣ್ಣು ಬೇವಿನ ಮರದ ಕೆಳಗೇ ಇತ್ತು. “ಸಹನಾ ಅವರೇ, ನನಗೆ ಮೊದಲನೇ ದಿನದಿಂದಲೇ...” ಎಂದು ಶುರುಮಾಡಿದ.

ಅವಳು ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು.

ಅವನ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಜನ ಗಲಾಟೆ ಮಾಡಿದರು. ಪಾಪಣ್ಣ, ಏನಪ್ಪ ಇದು, ಸರಿಯಾದ ಜಾಗಕ್ಕೆ ಬಂದಾಗಲೇ ಕೆಡ್ತು ಎಂದು ವೈರು ಹುಡುಕಹೊರಟ. ಬಸವೇಶ್ ಮೆಟ್ಟಿಲಿಳಿದು ನೇರವಾಗಿ ಬಂದು ಅವಳ ಮುಂದೆ ನಿಂತ. ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

“ಯಾಕ್ರಿ ಆಫ್ ಮಾಡಿದ್ರಿ? ಅಷ್ಟು ಕೆಟ್ಟದಾಗಿತ್ತಾ?”

ಸಹನಾ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.

“ಊರಿಗೆ ಇಷ್ಟು ಸಾಕು,” ಎಂದಳು. “ಉಳಿದಿದ್ದು ನನಗೊಬ್ಬಳಿಗೇ ಹೇಳ್ರಿ.”