ಸೀಟಿ ಬಿಡಬೇಡಿ, ವಿಜಯಕ್ಕ!

ಉಗಿಯ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು.

ಬಾಯ್ಲರ್ ಗುರ್ ಎನ್ನುತ್ತಿತ್ತು. ಅದರ ತಲೆಯ ಮೇಲಿದ್ದ ಹಿತ್ತಾಳೆಯ ಸೇಫ್ಟಿ ವಾಲ್ವ್ ಮಾತ್ರ ಗಪ್‌ಚುಪ್! ಉಗಿ ಹೆಚ್ಚಾದರೆ ತಾನೇ ಬಾಯಿ ತೆರೆದು ಹೊರಗೆ ಬಿಡಬೇಕಾದ ಸಾಮಾನು ಅದು.

"ಮೈತ್ರೇಯಿ, ಇದು ಹೀಗೇ ಇರುತ್ತೇನೇ?"

ಅವಳು ಬಗ್ಗಿ ನೋಡಿದಳು. ಮುಖ ಬಿಳಿಚಿಕೊಂಡಿತು.

"ವಿಜಯಕ್ಕ... ಇದು ನಮ್ಮ ವಾಲ್ವ್ ಅಲ್ಲ! ಯಾರೋ ಚೇಂಜ್ ಮಾಡಿದಾರೆ!"

ನಾನು ವಿಜಯಾ. ಜಪಾನಿನ ಕೋಬೆಯಲ್ಲಿ ಹದಿನೆಂಟು ವರ್ಷ. ಪೊಲೀಸರ ಹತ್ತಿರ ಹೋಗಲು ನಾಚುವವರ ತಾಪತ್ರಯ ಬಿಡಿಸುವುದು ನನ್ನ ಕಸುಬು. ಮೈತ್ರೇಯಿ ಹಳೆಯ ಉಗಿಹಡಗುಗಳ ಮೇಲೆ ರಿಸರ್ಚ್ ಮಾಡುವವಳು. 1887ರ ಪುಟ್ಟ ಉಗಿದೋಣಿಯೊಂದನ್ನು ನಾಲ್ಕು ವರ್ಷ ತಿಕ್ಕಿ ತೀಡಿ ಜೀವ ತುಂಬಿದ್ದಳು. ಇವತ್ತು ಮೊದಲ ಓಟ.

ಅದರ ವಾಲ್ವ್ ಬೇಕೆಂದು ಕುರೋದಾ-ಸಾನ್ ಎಂಬ ಹಳೆ ಸಾಮಾನುಗಳ ಸಂಗ್ರಾಹಕರು ಹನ್ನೊಂದು ಕಾಗದ ಬರೆದಿದ್ದರು. ಕೊನೆಯದರಲ್ಲಿ, 'ಕೊಡದಿದ್ದರೆ ವಿಷಾದಕರ ಘಟನೆ ನಡೆಯಬಹುದು, ದಯವಿಟ್ಟು ಕ್ಷಮಿಸಿ' ಎಂದಿತ್ತು. ಅದಕ್ಕೇ ಇವತ್ತು ಬೆಳಿಗ್ಗೆಯಿಂದ ಕಾವಲಿಗೆ ನಾನು.

ಭಾರೀ ಕಾವಲು!

"ಸಿಡಿಯುತ್ತಾ?"

"ಸಿಡಿದ್ರೆ ನಮ್ಮನ್ನ ಹುಡುಕೋಕೆ ಜರಡಿ ಬೇಕು!"

ಡೆಕ್ಕಿನ ಮೇಲೆ ಹನ್ನೆರಡು ಅತಿಥಿಗಳು. ಪುಣ್ಯ, ದೋಣಿಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಎಲ್ಲರನ್ನೂ ದಡಕ್ಕೆ ಇಳಿಯಿರಿ ಎಂದು ಕೂಗಿದೆ. ಅವರು ಸಾಲಾಗಿ ನಿಂತು, 'ನೀವು ಮೊದಲು', 'ಛೇ ಛೇ, ನೀವು' ಎನ್ನುತ್ತ ಇಳಿದರು... ಇಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು!

"ಸೀಟಿ ಹಗ್ಗ ಜಗ್ಗಿ! ಉಗಿ ಅಲ್ಲಿಂದಾದ್ರೂ ಹೋಗ್ಲಿ! ನಾನು ಬೆಂಕಿ ಹೊರಗೆ ಎಳೀತೀನಿ!"

"ಎಷ್ಟೊತ್ತು?"

"ಬಿಡಬೇಡಿ, ಅಷ್ಟೇ!"

ಜಗ್ಗಿದೆ.

ಭೋಂ...!

ಬಂದರಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮೈತ್ರೇಯಿ ಉದ್ದನೆಯ ಕಬ್ಬಿಣದ ಕೋಲಿನಿಂದ ಕೆಂಡ ಎಳೆದು ಹಾಕುತ್ತಿದ್ದಳು. ಹುಬ್ಬು ಸುಟ್ಟಿತು. ನಿಲ್ಲಿಸಲಿಲ್ಲ. ನನ್ನ ಕಿವಿ ಕಿವುಡಾದಂತಾಯಿತು. ನಾನೂ ಬಿಡಲಿಲ್ಲ. ದಡದಲ್ಲಿ ಅತಿಥಿಗಳು ಇದೂ ಕಾರ್ಯಕ್ರಮವೆಂದು ಚಪ್ಪಾಳೆ ತಟ್ಟಿ ಫೋನ್ ಎತ್ತಿ ಹಿಡಿದರು.

ಹನ್ನೊಂದು ಫೋನ್!

ಹನ್ನೆರಡನೆಯವರು ಮಾಸ್ಕು ಹಾಕಿದ್ದ ಮುದುಕರು. ಬೆನ್ನಿಗೆ ಭಾರದ ಬ್ಯಾಗು. ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಮುಳ್ಳು ಗೆರೆಯಿಂದ ಕೆಳಗಿಳಿಯಿತು.

"ಇನ್ನು ಸಿಡಿಯಲ್ಲ! ಓಡಿ ಅಕ್ಕಾ!"

ಓಡಿದೆ. ಮುದುಕರೂ ಓಡಿದರು. ಕೊಂಬಿನಿ ಅಂಗಡಿ ದಾಟಿ, ಪಾರ್ಕಿಂಗ್ ದಾಟಿ... ರಸ್ತೆ ಬಂತು. ಒಂದೇ ಒಂದು ಕಾರಿಲ್ಲ.

ಆದರೆ ಸಿಗ್ನಲ್ ಕೆಂಪು.

ಅವರು ನಿಂತರು. ಪಕ್ಕದಲ್ಲಿ ನಾನೂ ನಿಂತೆ. ಹದಿನೆಂಟು ವರ್ಷದ ಅಭ್ಯಾಸ!

"ಕುರೋದಾ-ಸಾನ್?"

ತಲೆ ಬಾಗಿಸಿದರು. ಜೇಬಿನಿಂದ ಸ್ಪ್ಯಾನರ್ ತೆಗೆದರು.

"ಬ್ಯಾಗು ಮುಟ್ಟಿದರೆ ನಿಮ್ಮ ತಲೆ ಒಡೆಯಬೇಕಾಗುತ್ತದೆ. ಸುಮಿಮಾಸೆನ್, ಕ್ಷಮಿಸಿ."

"ಹಸಿರು ಬರಲಿ, ನೋಡೋಣ. ಕದ್ದದ್ದು ಯಾವಾಗ?"

"ನಿನ್ನೆ."

"ಮತ್ತೆ ಇವತ್ತು ಹೊತ್ತುಕೊಂಡು ಯಾಕೆ ಬಂದಿರಿ?"

"ನನ್ನ ನಕಲನ್ನು ಯಾರಾದರೂ ಗುರುತಿಸುತ್ತಾರೋ ಎಂದು ನೋಡಬೇಕಿತ್ತು. ಅಸಲಿಯನ್ನು ಮನೆಯಲ್ಲಿ ಬಿಟ್ಟು ಬರಲು ಧೈರ್ಯವಾಗಲಿಲ್ಲ... ಕಳ್ಳಕಾಕರ ಕಾಲ."

"ನಿಮ್ಮ ನಕಲು ಬಾಯಿ ತೆರೆಯಲಿಲ್ಲ! ಹದಿನಾಲ್ಕು ಜನ ಸಾಯುತ್ತಿದ್ದೆವು! ನೀವೂ ಸೇರಿ!"

ಪಕ್ಕದಲ್ಲಿ ಸಿಗ್ನಲ್ ಕಾಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನೇ ದುರುಗುಟ್ಟಿ ನೋಡಿದರು. ರಸ್ತೆಯಲ್ಲಿ ಕಿರುಚಬಾರದು.

ಕುರೋದಾ-ಸಾನ್ ಮುಖ ಮಾತ್ರ ಬೂದಿಯಾಯಿತು. "ಬಾಯಿ... ತೆರೆಯಲಿಲ್ಲವೇ?"

ಹಸಿರು ಬಿತ್ತು. ಸ್ಪ್ಯಾನರ್ ಬೀಸಿದರು, ಆದರೆ ಮನಸ್ಸಿಲ್ಲದೆ. ನಾನು ಬಗ್ಗಿದೆ. ಬೆನ್ನಿನ ಹಿತ್ತಾಳೆಯ ಭಾರ ಅವರನ್ನೇ ಗಿರಕಿ ಹೊಡೆಸಿ ನೆಲಕ್ಕೆ ಕೂರಿಸಿತು. ಅವರು ಏಳಲಿಲ್ಲ. ತಾವೇ ಬ್ಯಾಗು ಬಿಚ್ಚಿ, ವಾಲ್ವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು.

ಅಷ್ಟರಲ್ಲಿ ಪೊಲೀಸ್! ಅವರು ಬಂದದ್ದು ಕಳ್ಳನಿಗಾಗಿ ಅಲ್ಲ. ಹನ್ನೊಂದು ನಿಮಿಷ ಸೀಟಿ ಊದಿ ಊರಿನ ನೆಮ್ಮದಿ ಕೆಡಿಸಿದವರಿಗಾಗಿ.

ಠಾಣೆಯಲ್ಲಿ ಕ್ಷಮಾಪಣೆ ಬರೆಯಲು ಇಬ್ಬರ ಮುಂದೂ ಬಿಳಿ ಹಾಳೆ ಇಟ್ಟರು. ಕುರೋದಾ-ಸಾನ್ ಅವರ ಕ್ಷಮಾಪಣೆ ಪತ್ರ ಓದಿ ಇನ್ಸ್‌ಪೆಕ್ಟರ್ ಕಣ್ಣೊರೆಸಿಕೊಂಡರು.

ನನ್ನದನ್ನು ಮೂರು ಸಲ ತಿದ್ದಿಸಿದರು!